ದೂರ ಶಿಕ್ಷಣದಲ್ಲಿ ಅಂತರಜಾಲ: ಪಾಠ ಹೋಗುವ ದಾರಿ, ಉತ್ತರ ಬರುವ ದಾರಿ

ಪೀಠಿಕೆ

ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಪ್ರಾಯೋಗಿಕ ಕಾರ್ಯ ಎಂದರೆ ನಮ್ಮಲ್ಲಿ ಹೆಚ್ಚಿನ ಪ್ರಶಿಕ್ಷಣಾರ್ಥಿಗಳು ಸ್ಲೈಡುಗಳನ್ನು ತಯಾರಿಸುತ್ತೇವೆ, ಇಲ್ಲವೇ ಹತ್ತು ನಿಮಿಷದ ವಿಡಿಯೊ ಪಾಠವೊಂದನ್ನು ಚಿತ್ರೀಕರಿಸಿ ಸಲ್ಲಿಸುತ್ತೇವೆ. ಪಾಠ ಸ್ಪಷ್ಟವಾಗಿದೆಯೇ, ಚಿತ್ರಗಳು ಸರಿಯಾಗಿವೆಯೇ ಎಂದು ಮಾರ್ಗದರ್ಶಕರು ನೋಡುತ್ತಾರೆ. ಆ ಪಾಠವನ್ನು ನೋಡಿದ ಕಲಿಕಾರ್ಥಿ ಏನು ಅರ್ಥಮಾಡಿಕೊಂಡ, ಅದು ನಮಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಆ ಕಾರ್ಯದಲ್ಲಿ ಏಳುವುದಿಲ್ಲ. ತರಗತಿಯಲ್ಲಾದರೆ ಮಕ್ಕಳ ಮುಖ ನೋಡಿದರೆ ಸಾಕು. ದೂರ ಶಿಕ್ಷಣದಲ್ಲಿ ಮುಖ ಕಾಣುವುದಿಲ್ಲ.

ಹಗಲು ದುಡಿದು ರಾತ್ರಿ ಓದುವವರು, ಮದುವೆಯಾಗಿ ಓದು ನಿಲ್ಲಿಸಿದವರು, ಕಾಲೇಜು ದೂರವಾದವರು, ಒಮ್ಮೆ ಅನುತ್ತೀರ್ಣರಾಗಿ ಮತ್ತೆ ಪರೀಕ್ಷೆ ಕಟ್ಟುವವರು ದೂರ ಶಿಕ್ಷಣವನ್ನು ನಂಬಿ ಬರುತ್ತಾರೆ. ಅವರಲ್ಲಿ ಅನೇಕರಿಗೆ ಇದು ಎರಡನೆಯ ಅವಕಾಶ, ಕೆಲವರಿಗೆ ಕೊನೆಯದು. ಹಾಗಾಗಿ ಅಂತರಜಾಲವನ್ನು ಇಲ್ಲಿ ಹೇಗೆ ಬಳಸುತ್ತೇವೆ ಎಂಬುದು ಬರೀ ತಂತ್ರಜ್ಞಾನದ ಪ್ರಶ್ನೆಯಲ್ಲ. ಈ ಲೇಖನದಲ್ಲಿ ನಾನು ಹೇಳಬಯಸುವ ಮಾತು ಒಂದೇ: ಅಭಿವೃದ್ಧಿಶೀಲ ದೇಶಗಳ ದೂರ ಶಿಕ್ಷಣದಲ್ಲಿ ಅಂತರಜಾಲದ ಮುಖ್ಯ ಪ್ರಯೋಜನ ಪಾಠವನ್ನು ಕಳುಹಿಸುವುದರಲ್ಲಿಲ್ಲ, ಕಲಿಕಾರ್ಥಿಯ ಉತ್ತರವನ್ನು ಬೇಗ ಹಿಂದಕ್ಕೆ ತರುವುದರಲ್ಲಿದೆ. ಇದಕ್ಕೆ ಪೂರಕವಾಗಿ ಕೆಲವು ದೇಶಗಳ ಅನುಭವವನ್ನೂ ನನ್ನ ಪಾಠಾಭ್ಯಾಸದ ಅವಧಿಯ ಒಂದು ಸಣ್ಣ ಪ್ರಯತ್ನವನ್ನೂ ಮುಂದಿಡುತ್ತೇನೆ.

ಅಂಚೆಯಿಂದ ಅಂತರಜಾಲದವರೆಗೆ

ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತು. 1996ರಲ್ಲಿ ಅದೇ ಬುನಾದಿಯ ಮೇಲೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂತು. ರಾಷ್ಟ್ರಮಟ್ಟದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಲ್ಲಿ ಸ್ಥಾಪನೆಯಾಯಿತು. ಅಂಚೆ ಶಿಕ್ಷಣದಲ್ಲಿ ಮುದ್ರಿತ ಪಾಠ ಮನೆಗೆ ಬರುತ್ತಿತ್ತು. ಕಲಿಕಾರ್ಥಿ ನಿಯೋಜಿತ ಕಾರ್ಯವನ್ನು ಬರೆದು ಕಳುಹಿಸುತ್ತಿದ್ದ. ತಿದ್ದಿದ ಹಾಳೆ ಟಿಪ್ಪಣಿಯೊಡನೆ ಮರಳುತ್ತಿತ್ತು. ನಿಧಾನವೇ ಸರಿ, ಆದರೆ ಅದು ಹೋಗುವ ಬರುವ ಎರಡು ದಾರಿಗಳಿದ್ದ ವ್ಯವಸ್ಥೆ.

ಅನಂತರ ದೂರದರ್ಶನ ಮತ್ತು ಉಪಗ್ರಹ ಬಂದವು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸೇರಿತ್ತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಪ್ರಸಾರವಾದವು. ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ಟಿ.ವಿ. ಪಾಠದಲ್ಲಿ ಹೋಗುವ ದಾರಿ ಅಗಲವಾಯಿತು, ಬರುವ ದಾರಿ ಕಿರಿದಾಯಿತು. ನೋಡುವವರು ಸಾವಿರಾರು ಜನ, ಕೇಳುವ ಪ್ರಶ್ನೆಗೆ ಮಾತ್ರ ಜಾಗವಿಲ್ಲ.

ಅಂತರಜಾಲದಲ್ಲಿ ಎರಡೂ ದಾರಿಗಳಿವೆ. ಅಂಚೆಯಲ್ಲಿ ತಿಂಗಳು ಹಿಡಿಯುತ್ತಿದ್ದ ಉತ್ತರ ನಿಮಿಷದಲ್ಲಿ ಬರಬಲ್ಲದು. ಆದರೂ ನಾವು ಅಂತರಜಾಲವನ್ನು ಇನ್ನೊಂದು ಟಿ.ವಿ.ಯಂತೆ ಬಳಸುವುದೇ ಹೆಚ್ಚು.

ಬೇರೆ ಬೇರೆ ದೇಶಗಳ ಅನುಭವ

ಆಫ್ರಿಕನ್ ವರ್ಚುವಲ್ ವಿಶ್ವವಿದ್ಯಾಲಯವು 1997ರಲ್ಲಿ ವಿಶ್ವಬ್ಯಾಂಕ್‌ನ ಯೋಜನೆಯಾಗಿ ಆರಂಭವಾಯಿತು. ಮೊದಲು ಹೊರದೇಶಗಳ ಪ್ರಾಧ್ಯಾಪಕರ ಉಪನ್ಯಾಸಗಳನ್ನು ಉಪಗ್ರಹದ ಮೂಲಕ ಆಫ್ರಿಕಾದ ಕೇಂದ್ರಗಳಿಗೆ ಕಳುಹಿಸಲಾಗುತ್ತಿತ್ತು. ಮುಂದೆ ಅದರ ಕೇಂದ್ರ ನೈರೋಬಿಗೆ ಬಂದು, ಗಣಿತ ಮತ್ತು ವಿಜ್ಞಾನ ಶಿಕ್ಷಕರ ತರಬೇತಿಗೆ ಆಫ್ರಿಕಾದ ವಿಶ್ವವಿದ್ಯಾಲಯಗಳೇ ಸೇರಿ ಪಾಠಸಾಮಗ್ರಿ ಬರೆಯುವ ಕ್ರಮ ಬೆಳೆಯಿತು. ದೂರದ ಉಪನ್ಯಾಸವನ್ನು ಪ್ರಸಾರ ಮಾಡುವುದರಿಂದ ಹೊರಟು, ಹತ್ತಿರದ ಅಧ್ಯಾಪಕರು ಬರೆದ ಪಾಠದ ಕಡೆಗೆ ಬಂದ ಈ ಬದಲಾವಣೆಯನ್ನು ನಾವು ಗಮನಿಸಬೇಕು.

2005ರಲ್ಲಿ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಮತ್ತು ಆಫ್ರಿಕಾದ ಸಂಸ್ಥೆಗಳು ಸೇರಿ ಆರಂಭಿಸಿದ 'ಟೆಸ್ಸಾ' ಯೋಜನೆ ಇನ್ನೂ ಸರಳವಾದ ದಾರಿ ಹಿಡಿಯಿತು. ಅದರ ಸಾಮಗ್ರಿ ಹೆಚ್ಚಾಗಿ ಅಕ್ಷರರೂಪದ್ದು, ಮುದ್ರಿಸಿಕೊಳ್ಳಬಹುದು, ತಿದ್ದಿಕೊಳ್ಳಬಹುದು. ಶಿಕ್ಷಕರು ತಮ್ಮ ತರಗತಿಯಲ್ಲಿ ಮಾಡಿ ನೋಡಬೇಕಾದ ಚಟುವಟಿಕೆಗಳೇ ಅದರ ಜೀವಾಳ. ಇದರ ಜಾಡಿನಲ್ಲೇ ಬಂದ 'ಟೆಸ್ ಇಂಡಿಯಾ' ಸಾಮಗ್ರಿ ಏಳು ರಾಜ್ಯಗಳಿಗೆ ಹೊಂದುವಂತೆ ಸಿದ್ಧವಾಯಿತು. ಕರ್ನಾಟಕವೂ ಅದರಲ್ಲಿ ಸೇರಿದ್ದು, ಕನ್ನಡದ ಘಟಕಗಳು ಲಭ್ಯ ಇವೆ.

ಭಾರತದಲ್ಲಿ 2017ರಲ್ಲಿ 'ಸ್ವಯಂ' ವೇದಿಕೆ ಆರಂಭವಾಯಿತು. ಅದರ ಪ್ರತಿ ಕೋರ್ಸಿಗೂ ನಾಲ್ಕು ಅಂಗಗಳಿವೆ: ವಿಡಿಯೊ ಉಪನ್ಯಾಸ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ ಮತ್ತು ಸಂದೇಹ ನಿವಾರಣೆಯ ಚರ್ಚೆ. ಮೊದಲೆರಡು ಅಂಗಗಳು ಹೋಗುವ ದಾರಿ, ಕೊನೆಯೆರಡು ಬರುವ ದಾರಿ. ತರಬೇತಿ ಇಲ್ಲದೆ ಕೆಲಸದಲ್ಲಿದ್ದ ಪ್ರಾಥಮಿಕ ಶಿಕ್ಷಕರು 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಬೇಕೆಂದು ಕಾನೂನು ತಿದ್ದುಪಡಿಯಾದಾಗ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಇದೇ ವೇದಿಕೆಯ ನೆರವಿನಿಂದ ಡಿ.ಎಲ್.ಇಡಿ. ತರಬೇತಿ ನಡೆಸಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರು ನೋಂದಾಯಿಸಿಕೊಂಡರು. ಅಲ್ಲಿ ವಿಡಿಯೊ ಮತ್ತು ಟಿ.ವಿ. ಪಾಠಗಳ ಜೊತೆಗೆ ಅಧ್ಯಯನ ಕೇಂದ್ರಗಳು, ಸಂಪರ್ಕ ತರಗತಿಗಳು, ನಿಯೋಜಿತ ಕಾರ್ಯಗಳೂ ಇದ್ದವು. ಅಷ್ಟು ದೊಡ್ಡ ಕೋರ್ಸಿನಲ್ಲೂ ಅಂತರಜಾಲವೊಂದನ್ನೇ ನೆಚ್ಚಿಕೊಳ್ಳಲಿಲ್ಲ ಎಂಬುದು ಮುಖ್ಯ.

ಶ್ರೀಮಂತ ದೇಶಗಳ ಕೋರ್ಸುಗಳ ಸ್ಥಿತಿಯೂ ಇದನ್ನೇ ಹೇಳುತ್ತದೆ. ಹಾರ್ವರ್ಡ್ ಮತ್ತು ಎಂ.ಐ.ಟಿ.ಯ ಬೃಹತ್ ಮುಕ್ತ ಕೋರ್ಸುಗಳ ಬಗ್ಗೆ 'ಸೈನ್ಸ್' ಪತ್ರಿಕೆಯಲ್ಲಿ 2019ರಲ್ಲಿ ಬಂದ ಅಧ್ಯಯನದ ಪ್ರಕಾರ, 2017–18ರಲ್ಲಿ ಸೇರಿದವರಲ್ಲಿ ಪೂರ್ಣಗೊಳಿಸಿದವರು ಶೇ. 3ರಷ್ಟು ಮಾತ್ರ. ಕುತೂಹಲಕ್ಕೆ ಸೇರಿದವರನ್ನು ಬಿಟ್ಟು ಲೆಕ್ಕ ಹಾಕಬೇಕು ಎಂಬ ವಾದವೂ ಇದೆ, ಅದು ನ್ಯಾಯವೇ. ಆದರೂ ಒಳ್ಳೆಯ ಉಪನ್ಯಾಸ ಉಚಿತವಾಗಿ ಸಿಕ್ಕರೆ ಜನ ಕಲಿತುಬಿಡುತ್ತಾರೆ ಎಂಬ ನಂಬಿಕೆಗೆ ಇದು ಆಧಾರ ಕೊಡುವುದಿಲ್ಲ.

ಸಿದ್ಧಾಂತದ ನೆಲೆಯಲ್ಲಿ ನೋಡಿದರೆ ಇದು ಹೊಸ ಮಾತೂ ಅಲ್ಲ. ದೂರ ಶಿಕ್ಷಣದ ಪಾಠವು ಕಲಿಕಾರ್ಥಿಯೊಡನೆ ನಡೆಸುವ ಸಂಭಾಷಣೆಯಂತಿರಬೇಕು ಎಂದು ಹೋಮ್‌ಬರ್ಗ್ ವಾದಿಸಿದರು. ಮೈಕೆಲ್ ಮೂರ್ 1989ರಲ್ಲಿ ಮೂರು ಬಗೆಯ ಅಂತರಕ್ರಿಯೆಗಳನ್ನು ಗುರುತಿಸಿದರು: ಕಲಿಕಾರ್ಥಿ ಮತ್ತು ವಿಷಯ, ಕಲಿಕಾರ್ಥಿ ಮತ್ತು ಶಿಕ್ಷಕ, ಕಲಿಕಾರ್ಥಿ ಮತ್ತು ಕಲಿಕಾರ್ಥಿ. ವಿಡಿಯೊ ಕೊಡುವುದು ಮೊದಲನೆಯದನ್ನು ಮಾತ್ರ.

ಸಂಪರ್ಕದ ಲೆಕ್ಕ

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ 2017–18ರಲ್ಲಿ ಅಂತರಜಾಲ ಸೌಲಭ್ಯವಿದ್ದ ಕುಟುಂಬಗಳು ಗ್ರಾಮೀಣ ಭಾರತದಲ್ಲಿ ಶೇ. 15ರಷ್ಟು, ನಗರಗಳಲ್ಲಿ ಶೇ. 42. ಕಂಪ್ಯೂಟರ್ ಇದ್ದ ಗ್ರಾಮೀಣ ಕುಟುಂಬಗಳು ಶೇ. 4.4 ಮಾತ್ರ. ಅನಂತರ ಮೊಬೈಲ್ ಡೇಟಾ ಹಳ್ಳಿಗಳಲ್ಲೂ ಹರಡಿದೆ. ಆದರೆ 'ಕುಟುಂಬಕ್ಕೆ ಸೌಲಭ್ಯವಿದೆ' ಎಂದರೆ ಕಲಿಕಾರ್ಥಿಯ ಕೈಗೆ ಫೋನ್ ಸಿಗುತ್ತದೆ ಎಂದಲ್ಲ. ಮನೆಗೊಂದೇ ಫೋನ್ ಇದ್ದು, ಅದು ಬೆಳಿಗ್ಗೆ ದುಡಿಯಲು ಹೋದವರ ಜೇಬಿನಲ್ಲಿ ಹೊರಟುಬಿಡುತ್ತದೆ.

ಇನ್ನು ಡೇಟಾದ ಗಾತ್ರ. ಸಾಧಾರಣ ಗುಣಮಟ್ಟದ ವಿಡಿಯೊ ಸೆಕೆಂಡಿಗೆ 500 ಕಿಲೋಬಿಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. 30 ನಿಮಿಷಕ್ಕೆ 1800 × 500 = 9,00,000 ಕಿಲೋಬಿಟ್; ಎಂಟರಿಂದ ಭಾಗಿಸಿದರೆ ಸುಮಾರು 112 ಎಂ.ಬಿ. ಮಾತಿಗೆ ಸೆಕೆಂಡಿಗೆ 16 ಕಿಲೋಬಿಟ್ ಸಾಕು. ಐದು ನಿಮಿಷದ ಧ್ವನಿ ಪಾಠಕ್ಕೆ 300 × 16 ÷ 8 = 600 ಕೆ.ಬಿ., ಅಂದರೆ ಒಂದು ಎಂ.ಬಿ.ಯೂ ಆಗುವುದಿಲ್ಲ. ನಿಮಿಷಕ್ಕೆ ನಿಮಿಷ ಹೋಲಿಸಿದರೂ ವಿಡಿಯೊ 30 ಪಟ್ಟು ಭಾರ. ಸಿಗ್ನಲ್ ಸಿಗಲು ಮನೆಯ ಮಾಳಿಗೆ ಹತ್ತಬೇಕಾದ ಊರಿನಲ್ಲಿ ಈ ವ್ಯತ್ಯಾಸವೇ ಪಾಠ ತಲುಪುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ.

ನಾಲ್ಕು ವಾರಗಳ ಪಾಠಾಭ್ಯಾಸ

ಶಾಲಾ ಇಂಟರ್ನ್‌ಷಿಪ್ ಅವಧಿಯಲ್ಲಿ ನಾನಿದ್ದ ಪ್ರೌಢಶಾಲೆಯ ಮುಖ್ಯ ಶಿಕ್ಷಕರ ಅನುಮತಿ ಪಡೆದು, ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಅನುತ್ತೀರ್ಣರಾಗಿ ಮತ್ತೆ ಪರೀಕ್ಷೆ ಕಟ್ಟಿದ್ದ ಒಂಬತ್ತು ಪುನರಾವರ್ತಿತ ಅಭ್ಯರ್ಥಿಗಳಿಗೆ ದೂರದಿಂದಲೇ ಒಂದು ಘಟಕ ಕಲಿಸಿದೆ. ಆರು ಮಂದಿ ಹೆಣ್ಣುಮಕ್ಕಳು, ಮೂವರು ಹುಡುಗರು. ಗಾರ್ಮೆಂಟ್ಸಿಗೆ ಹೋಗುವವರು, ಮನೆಯಲ್ಲೇ ಹೊಲಿಗೆ ಮಾಡುವವರು, ಕೂಲಿಗೆ ಹೋಗುವವರು ಇದ್ದರು. ಹತ್ತನೆಯ ತರಗತಿ ಪಾಸಾಗಿದ್ದರೆ ಮಾತ್ರ ಸಿಗುವ ಕೆಲಸಕ್ಕೆ ಅರ್ಜಿ ಹಾಕಬೇಕೆಂದು ಇಬ್ಬರು ಕಾಯುತ್ತಿದ್ದರು. ಮೂವರಿಗೆ ಸ್ವಂತ ಸ್ಮಾರ್ಟ್‌ಫೋನ್ ಇತ್ತು. ನಾಲ್ವರಿಗೆ ಮನೆಯವರ ಫೋನ್ ರಾತ್ರಿ ಮಾತ್ರ ಸಿಗುತ್ತಿತ್ತು. ಇಬ್ಬರ ಬಳಿ ಇದ್ದದ್ದು ಬಟನ್ ಫೋನ್.

ಘಟಕ: ವಿದ್ಯುಚ್ಛಕ್ತಿ. ವಾರದ ಕ್ರಮ ಹೀಗಿತ್ತು:

ಸೋಮವಾರ: ಒಂದು ಪುಟದ ಟಿಪ್ಪಣಿ ಮತ್ತು ಐದು ನಿಮಿಷದ ಧ್ವನಿ ಪಾಠ.
ಗುರುವಾರದೊಳಗೆ: ಒಂದೇ ಪ್ರಶ್ನೆಗೆ ಉತ್ತರ. ಧ್ವನಿಯಲ್ಲಿ ಹೇಳಬಹುದು, ಬರೆದು ಫೋಟೊ ಕಳುಹಿಸಬಹುದು. ಬಟನ್ ಫೋನಿನವರು ಮಿಸ್ಡ್ ಕಾಲ್ ಕೊಟ್ಟರೆ ನಾನೇ ಕರೆ ಮಾಡುತ್ತಿದ್ದೆ; ಅವರ ಟಿಪ್ಪಣಿಯ ಪ್ರತಿ ಶಾಲೆಯಲ್ಲಿ ಸಿಗುತ್ತಿತ್ತು.
ಶನಿವಾರದೊಳಗೆ: ಪ್ರತಿಯೊಬ್ಬರಿಗೂ ನನ್ನ ಹಿಮ್ಮಾಹಿತಿ.
ಎರಡನೆಯ ಮತ್ತು ನಾಲ್ಕನೆಯ ಭಾನುವಾರ: ಶಾಲೆಯಲ್ಲಿ ಒಂದೂವರೆ ಗಂಟೆಯ ಸಂಪರ್ಕ ತರಗತಿ.

ವಾಟ್ಸಾಪ್ ಗುಂಪು ಮಾಡಲಿಲ್ಲ. ತಮ್ಮ ನಂಬರು ಎಲ್ಲರಿಗೂ ಕಾಣುವುದು ಹೆಣ್ಣುಮಕ್ಕಳಿಗೂ ಅವರ ಮನೆಯವರಿಗೂ ಬೇಡವಾಗಿತ್ತು. ಬದಲಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿದೆ. ಸಂದೇಶ ಎಲ್ಲರಿಗೂ ಹೋಗುತ್ತದೆ, ಉತ್ತರ ನನಗೊಬ್ಬಳಿಗೇ ಬರುತ್ತದೆ. ಇದರಿಂದ ಇನ್ನೊಂದು ಅನುಕೂಲವಾಯಿತು: ಉತ್ತರ ತಪ್ಪಾದರೆ ಬೇರೆಯವರು ನಗುತ್ತಾರೆಂಬ ಅಂಜಿಕೆ ಇರಲಿಲ್ಲ.

ಮೊದಲ ವಾರದ ಪ್ರಶ್ನೆ ಇದು: 'ಬ್ಯಾಟರಿಯಿಂದ ಹೊರಟ ವಿದ್ಯುತ್ ಪ್ರವಾಹ 1 ಆಂಪೇರ್ ಇದ್ದರೆ, ಬಲ್ಬನ್ನು ದಾಟಿದ ಮೇಲೆ ಅದು ಎಷ್ಟಿರುತ್ತದೆ? ಯಾಕೆ?' ಎಂಟು ಉತ್ತರಗಳು ಬಂದವು. ಆರು ಮಂದಿ 'ಕಡಿಮೆಯಾಗುತ್ತದೆ' ಎಂದಿದ್ದರು. ಒಬ್ಬಳ ಧ್ವನಿ ಸಂದೇಶ ಹೀಗಿತ್ತು: "ಬಲ್ಬು ಉರೀಬೇಕಂದ್ರೆ ಒಂದಿಷ್ಟು ಕರೆಂಟ್ ತಗೊಳ್ಳಲೇಬೇಕಲ್ಲ ಮಿಸ್? ಸುಮ್ನೆ ಉರಿಯುತ್ತಾ?"

ಪ್ರವಾಹ ಖರ್ಚಾಗುತ್ತದೆ ಎಂಬುದು ವಿಜ್ಞಾನ ಬೋಧನೆಯಲ್ಲಿ ಎಲ್ಲೆಡೆ ಕಾಣುವ ತಪ್ಪು ಪರಿಕಲ್ಪನೆ. ಇವರೆಲ್ಲ ಓಮನ ನಿಯಮವನ್ನು ಬಾಯಿಪಾಠ ಒಪ್ಪಿಸಬಲ್ಲವರು. ಸೂತ್ರಕ್ಕೆ ಬೆಲೆ ಹಾಕಿ ಲೆಕ್ಕ ಮಾಡಬಲ್ಲವರು. 'ಯಾಕೆ?' ಎಂದು ಕೇಳಿ ಉತ್ತರವನ್ನು ಅವರ ಬಾಯಿಂದಲೇ ಕೇಳಿಸಿಕೊಳ್ಳದಿದ್ದರೆ ಈ ತೊಡಕು ಹೊರಬೀಳುತ್ತಿರಲಿಲ್ಲ. ನಾಲ್ಕು ಆಯ್ಕೆಗಳ ರಸಪ್ರಶ್ನೆ ಕೊಟ್ಟಿದ್ದರೆ ತಪ್ಪು ಎಂದು ಮಾತ್ರ ತಿಳಿಯುತ್ತಿತ್ತು, ಹಿಂದಿನ ತರ್ಕ ತಿಳಿಯುತ್ತಿರಲಿಲ್ಲ. ಆ ತರ್ಕದಲ್ಲಿ ಅರ್ಧ ಸತ್ಯವೂ ಇದೆ: ಬಲ್ಬು ಉರಿಯಲು ಏನೋ ಒಂದು ಖರ್ಚಾಗಲೇಬೇಕು. ಅದು ಪ್ರವಾಹವಲ್ಲ, ಶಕ್ತಿ.

ನಾನು ಪ್ರತಿಯೊಬ್ಬರಿಗೂ ಒಂದೇ ಮಾತು ಕಳುಹಿಸಿದೆ: 'ಸುತ್ತಿ ಬರುವುದೊಂದು, ಖರ್ಚಾಗುವುದು ಇನ್ನೊಂದು. ನಿಮ್ಮ ಕೆಲಸದಲ್ಲಿ ಅಂಥದ್ದೇನಾದರೂ ಇದೆಯೇ, ಯೋಚಿಸಿ.' ಎರಡು ದಿನದ ಮೇಲೆ, ಹೊಲಿಗೆ ಮಾಡುವ ಕಲಿಕಾರ್ಥಿಯಿಂದ ರಾತ್ರಿ ಹತ್ತರ ಹೊತ್ತಿಗೆ ಉತ್ತರ ಬಂತು: "ಕಾಲಲ್ಲಿ ತುಳಿಯೋ ಮಿಷನ್ನಲ್ಲಿ ಬೆಲ್ಟು ಸುತ್ತಿ ಸುತ್ತಿ ಬರುತ್ತೆ. ಬೆಲ್ಟೇನು ಖರ್ಚಾಗಲ್ಲ. ಆದ್ರೆ ಹೊಲಿಗೆ ಬೀಳುತ್ತೆ, ನನ್ನ ಕಾಲು ನೋಯುತ್ತೆ. ಖರ್ಚಾಗೋದು ಕಾಲಿನ ಶಕ್ತಿ ಅಲ್ವಾ ಮಿಸ್?"

ಆಕೆಯ ಒಪ್ಪಿಗೆ ಪಡೆದು ಆ ಸಂದೇಶವನ್ನೇ ಎಲ್ಲರಿಗೂ ಕಳುಹಿಸಿದೆ. ಎರಡನೆಯ ವಾರದ ಧ್ವನಿ ಪಾಠ ಅದರಿಂದಲೇ ಶುರುವಾಯಿತು. ಸಂಪರ್ಕ ತರಗತಿಯಲ್ಲಿ ಬಲ್ಬಿನ ಎರಡೂ ಕಡೆ ಒಂದೊಂದು ಅಮ್ಮೀಟರ್ ಜೋಡಿಸಿ ವಿದ್ಯುನ್ಮಂಡಲ ಕಟ್ಟಿದೆವು. ಎರಡೂ ಮುಳ್ಳುಗಳು ಒಂದೇ ಗೆರೆಯಲ್ಲಿ ನಿಂತಾಗ 'ಬೆಲ್ಟು' ಎಂಬ ಪದ ನಾನು ಹೇಳುವ ಮೊದಲೇ ಅವರ ಬಾಯಲ್ಲಿ ಬಂತು. ಮೂರ್ ಹೇಳಿದ ಮೂರನೆಯ ಅಂತರಕ್ರಿಯೆ, ಅಂದರೆ ಕಲಿಕಾರ್ಥಿಯಿಂದ ಕಲಿಕಾರ್ಥಿಗೆ ಸಾಗುವ ಕಲಿಕೆ, ಗುಂಪಿಲ್ಲದೆಯೂ ಸಾಧ್ಯ ಎಂದು ಇಲ್ಲಿ ಕಂಡುಕೊಂಡೆ. ಆ ಪಾಠದ ಅತ್ಯುತ್ತಮ ವಾಕ್ಯ ನನ್ನದಲ್ಲ, ಆಕೆಯದು. ಬರುವ ದಾರಿಯಿಲ್ಲದಿದ್ದರೆ ಅದು ಯಾರಿಗೂ ಸಿಗುತ್ತಿರಲಿಲ್ಲ.

ಮೂರನೆಯ ವಾರ ಒಬ್ಬಳಿಂದ ಉತ್ತರ ನಿಂತುಹೋಯಿತು. ದಾಖಲೆಯಲ್ಲಿ ಇಂಥವರನ್ನು 'ಕೋರ್ಸು ಬಿಟ್ಟವರು' ಎಂದು ಬರೆಯುತ್ತೇವೆ. ವಿಚಾರಿಸಿದಾಗ ತಿಳಿದದ್ದು: ಮನೆಯ ಫೋನ್ ಅಣ್ಣನ ಜೊತೆ ಬೆಂಗಳೂರಿಗೆ ಹೋಗಿತ್ತು. ಅದೇ ಬೀದಿಯ ಇನ್ನೊಬ್ಬ ಕಲಿಕಾರ್ಥಿಯ ಫೋನಿನಲ್ಲಿ ಇಬ್ಬರೂ ಕೂತು ಕೇಳುವ ಏರ್ಪಾಡು ಮಾಡಿದೆವು; ಉತ್ತರ ಮತ್ತೆ ಬರತೊಡಗಿತು. ಪರದೆಯ ಮೇಲೆ ಮೌನ ಮಾತ್ರ ಕಾಣುತ್ತದೆ, ಅದರ ಕಾರಣ ಕಾಣುವುದಿಲ್ಲ. ಕಾರಣ ಕೇಳಲು ಒಬ್ಬರು ಬೇಕು.

ನನ್ನದು ಒಂಬತ್ತು ಜನರ ಗುಂಪು, ಎಲ್ಲರೂ ಶಾಲೆಗೆ ಬಂದುಹೋಗುವಷ್ಟು ಹತ್ತಿರದವರು, ಪರೀಕ್ಷೆ ಇನ್ನೂ ಮುಂದಿದೆ. ಆದ್ದರಿಂದ ಇದನ್ನು ಯಶಸ್ಸಿನ ಪುರಾವೆಯೆಂದು ಮುಂದಿಡುತ್ತಿಲ್ಲ. ಪಾಠವನ್ನು ಹೇಗೆ ಕಟ್ಟಬಹುದು ಎಂಬುದಕ್ಕೆ ಉದಾಹರಣೆಯಾಗಿ ಕೊಡುತ್ತಿದ್ದೇನೆ.

ಹಿಮ್ಮಾಹಿತಿಗೆ ಬೇಕಾದ ಸಮಯ

ಒಬ್ಬರ ಉತ್ತರ ಕೇಳಿ ಪ್ರತಿಕ್ರಿಯಿಸಲು ಸುಮಾರು ಏಳು ನಿಮಿಷ ಹಿಡಿಯುತ್ತಿತ್ತು. ಒಂಬತ್ತು ಜನಕ್ಕೆ ವಾರಕ್ಕೆ ಒಂದು ಗಂಟೆ. ಇದೇ ಲೆಕ್ಕದಲ್ಲಿ 300 ಜನಕ್ಕೆ 2100 ನಿಮಿಷ, ಅಂದರೆ ವಾರಕ್ಕೆ 35 ಗಂಟೆ. ಒಬ್ಬ ಶಿಕ್ಷಕರ ಪೂರ್ಣಾವಧಿ ಕೆಲಸ ಅದು.

ಅಂತರಜಾಲದ ಕೋರ್ಸು ಅಗ್ಗ ಎನ್ನುವಾಗ ಈ 35 ಗಂಟೆಗಳನ್ನು ನಾವು ಲೆಕ್ಕದಿಂದ ಬಿಟ್ಟಿರುತ್ತೇವೆ. ವಿಡಿಯೊ ಒಮ್ಮೆ ಮಾಡಿದರೆ ಲಕ್ಷ ಜನ ನೋಡಬಹುದು; ಆ ಖರ್ಚು ಹಂಚಿಹೋಗುತ್ತದೆ. ಉತ್ತರ ಕೇಳುವ ಕೆಲಸ ಹಾಗೆ ಹಂಚಿಹೋಗುವುದಿಲ್ಲ; ಕಲಿಕಾರ್ಥಿಗಳು ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಹಣವಿಲ್ಲದ ದೇಶಗಳಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಮುದ್ರಣ, ಅಂಚೆ, ಪ್ರಸಾರದಲ್ಲಿ ಉಳಿದ ಹಣವನ್ನು ಮಾರ್ಗದರ್ಶಕ ಶಿಕ್ಷಕರಿಗೆ ಕೊಟ್ಟರೆ ಮಾತ್ರ ಅಂತರಜಾಲದ ಉಳಿತಾಯ ಕಲಿಕಾರ್ಥಿಗೆ ಸೇರುತ್ತದೆ.

ಪಾಠ ಯೋಜನೆಗೆ ಕೆಲವು ಸೂಚನೆಗಳು

1. ಅತಿ ದುರ್ಬಲ ಸಂಪರ್ಕವಿರುವ ಕಲಿಕಾರ್ಥಿಯನ್ನು ಮುಂದಿಟ್ಟುಕೊಂಡು ಪಾಠ ರೂಪಿಸಿ. ಅಕ್ಷರ ಮತ್ತು ಧ್ವನಿಯಲ್ಲಿ ಪಾಠ ಪೂರ್ಣವಾಗಿರಲಿ. ವಿಡಿಯೊ ಇದ್ದರೆ ಹೆಚ್ಚುವರಿಯಾಗಿರಲಿ.

2. ನೇರ ಪ್ರಸಾರದ ತರಗತಿಯನ್ನು ಕಡ್ಡಾಯ ಮಾಡಬೇಡಿ. ಫೋನ್ ಕೈಗೆ ಸಿಗುವ ಹೊತ್ತು ಒಬ್ಬೊಬ್ಬರಿಗೆ ಒಂದೊಂದು.

3. ವಾರಕ್ಕೆ ಒಂದೇ ಪ್ರಶ್ನೆ ಕೇಳಿ. ಆದರೆ 'ಯಾಕೆ' ಎಂಬುದು ಅದರಲ್ಲಿರಲಿ.

4. ಹಿಮ್ಮಾಹಿತಿಯ ದಿನವನ್ನು ಮೊದಲೇ ಹೇಳಿ, ಅದನ್ನು ತಪ್ಪಿಸಬೇಡಿ. ದೂರದಲ್ಲಿರುವವರಿಗೆ ಆ ದಿನವೇ ತರಗತಿಯ ಗಂಟೆ.

5. ಕಲಿಕಾರ್ಥಿಯ ಒಳ್ಳೆಯ ಉತ್ತರವನ್ನು ಒಪ್ಪಿಗೆ ಪಡೆದು ಮುಂದಿನ ಪಾಠದಲ್ಲಿ ಬಳಸಿ.

6. ಒಂದು ವಾರ ಉತ್ತರ ಬಾರದಿದ್ದರೆ ಕರೆ ಮಾಡಿ. ಎರಡನೆಯ ವಾರಕ್ಕೆ ಕಾಯಬೇಡಿ.

7. ಪ್ರಯೋಗವಿರುವ ಘಟಕಕ್ಕೆ ಒಂದಾದರೂ ಸಂಪರ್ಕ ತರಗತಿ ಇರಲಿ. ಅಮ್ಮೀಟರಿನ ಮುಳ್ಳನ್ನು ಕಣ್ಣಾರೆ ನೋಡುವುದಕ್ಕೆ ಬದಲಿ ಇಲ್ಲ.

ಸಮಾರೋಪ

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಕಲಿಕಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಬೋಧನೋಪಕರಣ, ಮೌಲ್ಯಮಾಪನ ಎಂಬ ಅಂಕಣಗಳಿವೆ. ದೂರ ಶಿಕ್ಷಣದ ಪಾಠಕ್ಕೆ ಇನ್ನೆರಡು ಅಂಕಣ ಸೇರಿಸಬಹುದು: 'ಉತ್ತರ ಯಾವ ದಾರಿಯಲ್ಲಿ ಬರುತ್ತದೆ?' ಮತ್ತು 'ಹಿಮ್ಮಾಹಿತಿ ಎಂದು, ಯಾರಿಂದ?' ಈ ಎರಡನ್ನು ತುಂಬಲಾಗದಿದ್ದರೆ ನಾವು ತಯಾರಿಸಿದ್ದು ಪ್ರಸಾರ. ಪಾಠವಾಗಲು ಅದಕ್ಕೆ ಇನ್ನೂ ಅರ್ಧ ಕೆಲಸ ಬಾಕಿ. ಪ್ರತಿ ಪ್ರಶಿಕ್ಷಣಾರ್ಥಿಯ ಅಭ್ಯಾಸ ಪಾಠಗಳಲ್ಲಿ ಒಂದನ್ನಾದರೂ ನಿಜವಾದ ದೂರ ಕಲಿಕಾರ್ಥಿಗಳಿಗಾಗಿ ಮೀಸಲಿಡುವ ಬಗ್ಗೆ ನಮ್ಮ ಅಧ್ಯಾಪಕರು ಯೋಚಿಸಬೇಕೆಂದು ಕೋರುತ್ತೇನೆ. ಅಂಥ ಕಲಿಕಾರ್ಥಿಗಳು ಪ್ರತಿ ಪ್ರೌಢಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲೂ ಸಿಗುತ್ತಾರೆ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಬೋಧನಾ ವಿಷಯದಲ್ಲಿ ಸಾಮಾನ್ಯವಾಗಿ ಕಾಣುವ ಒಂದು ತಪ್ಪು ಪರಿಕಲ್ಪನೆಯನ್ನು ಹೊರತರುವ, ಧ್ವನಿಯಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆಯನ್ನು ರಚಿಸಿ.

2. ಬಟನ್ ಫೋನ್ ಮಾತ್ರ ಇರುವ ಕಲಿಕಾರ್ಥಿಗೆ ಚಿತ್ರ ಅಥವಾ ನಕ್ಷೆ ಬೇಕಾದ ಪಾಠವನ್ನು ಹೇಗೆ ತಲುಪಿಸುವಿರಿ?

3. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ದೂರ ಕಲಿಕಾರ್ಥಿಗಳಿರಬೇಕು? ನಿಮ್ಮ ವಿಷಯದ ಉತ್ತರಗಳಿಗೆ ಹಿಡಿಯುವ ಸಮಯದ ಲೆಕ್ಕದೊಂದಿಗೆ ಸಮರ್ಥಿಸಿ.